ಪಟ್ಟಿಯಲ್ಲಿ ಇಲ್ಲದ ಸಂದೇಶ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವರಲ್ಲಿ ನಾನೂ ಒಬ್ಬ. ನಮ್ಮ ಓಣಿಯಲ್ಲಿ ಯಾರದೋ ಮನೆಯ ಫ್ಯಾನು ತಾನಾಗಿ ತಿರುಗಿತೆಂದು ಗದ್ದಲವಾದರೆ, ಹೋಗಿ ಸ್ವಿಚ್ಚು ಬಿಚ್ಚಿ, ಒಳಗಿನ ಸಡಿಲ ತಂತಿಯನ್ನು ಎಲ್ಲರಿಗೂ ತೋರಿಸಿ ಬರುತ್ತಿದ್ದೆ. ನನ್ನ ವೃತ್ತಿಯೇ ಅಂಥದು. ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರನ್ನು ಹೊಂದಿಸುವುದು, ಯಂತ್ರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಡೆಸುವವರ ಕಣ್ಣೆದುರು ಎಚ್ಚರಿಕೆಯ ಸಂದೇಶ ಬರುವಂತೆ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ದೆವ್ವಕ್ಕೆ ಜಾಗವಿಲ್ಲ. ಪರದೆಯ ಮೇಲೆ ಒಂದು ಮಾತು ಮೂಡಿತೆಂದರೆ ಅದನ್ನು ಯಾರೋ ಮೊದಲೇ ಬರೆದಿಟ್ಟಿದ್ದಾರೆ ಎಂದು ಅರ್ಥ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಅದು ಯಾವಾಗ ಬರಬೇಕು ಎಂಬುದಕ್ಕೆ ಒಂದು ಷರತ್ತು ಇರುತ್ತದೆ. ಸಂಖ್ಯೆ ಇಲ್ಲದ, ಷರತ್ತು ಇಲ್ಲದ ಸಂದೇಶ ಎಂಬುದೇ ಇಲ್ಲ. ಹೀಗೆಂದು ಎಷ್ಟೋ ಜನರಿಗೆ ನಾನೇ ಪಾಠ ಹೇಳಿದ್ದೇನೆ.

ಈಗ ಹೇಳಹೊರಟಿರುವುದು ಆ ಪಾಠಕ್ಕೆ ವಿರುದ್ಧವಾದದ್ದು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದರೆ ಹೇಳುವಾಗ ನನ್ನ ಪಾಲಿನದನ್ನು ಮುಚ್ಚಿಡಬಾರದು ಎಂದುಕೊಂಡಿದ್ದೇನೆ. ಅದನ್ನು ಬಿಟ್ಟು ಹೇಳಿದರೆ ಇದು ಹೊತ್ತು ಕಳೆಯುವ ಕತೆಯಾಗುತ್ತದೆ ಅಷ್ಟೆ.

ಇದು ನಡೆದು ಏಳೆಂಟು ವರ್ಷವಾಯಿತು. ಆಗ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಒಂದೇ ಕೋಣೆಯ ಅಂಗಡಿ ಇತ್ತು. ಬೇಳೆ ಮಿಲ್ಲು, ಕೋಲ್ಡ್ ಸ್ಟೋರೇಜು, ಹೀಗೆ ಸುತ್ತಲಿನ ಸಣ್ಣಪುಟ್ಟ ಕಾರ್ಖಾನೆಗಳ ಕೆಲಸ ಹಿಡಿಯುತ್ತಿದ್ದೆ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ರಸ್ತೆಯ ಪಕ್ಕ ಒಂದು ಮಣೂಕದ ಘಟಕ ಇತ್ತು. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಎನ್ನುತ್ತಾರೆ. ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿ ಅಲ್ಲಿಗೆ ಬರುತ್ತಿತ್ತು. ದೊಡ್ಡದೊಂದು ಉಕ್ಕಿನ ಡ್ರಮ್ಮಿನೊಳಗೆ ಸುರಿದರೆ ಅದು ಗರಗರ ತಿರುಗಿ, ಉಜ್ಜಿ, ತೊಟ್ಟು ಬಿಡಿಸುತ್ತಿತ್ತು. ತೊಟ್ಟು ಕೆಳಗಿನ ಬಾಯಿಂದ ಬೀಳುತ್ತಿತ್ತು, ಹಣ್ಣು ಮುಂದಿನ ಬೆಲ್ಟಿಗೆ ಹೋಗುತ್ತಿತ್ತು. ಬೆಲ್ಟಿನ ಎರಡೂ ಬದಿಗೆ ನಲವತ್ತು ಹೆಣ್ಣುಮಕ್ಕಳು ಕೂತು ಕೆಟ್ಟದ್ದನ್ನು ಆರಿಸುತ್ತಿದ್ದರು.

ಡ್ರಮ್ಮು ನಡೆಸುವಾಕೆ ಮಾಲನಬಿ. ತಿಕೋಟಾದವಳು, ನಲವತ್ತು ದಾಟಿದ ವಯಸ್ಸು, ಗಂಡ ಟೆಂಪೋ ಓಡಿಸುತ್ತಿದ್ದ. ಆರು ವರ್ಷ ಬೆಲ್ಟಿನ ಪಕ್ಕ ಕೂತು ಆರಿಸಿದವಳು, ಯಂತ್ರವನ್ನು ದೂರದಿಂದ ನೋಡಿ ನೋಡಿಯೇ ಕಲಿತು, ಒಂದು ದಿನ ಆಪರೇಟರ್ ಬಾರದಿದ್ದಾಗ ತಾನೇ ಎದ್ದು ನಡೆಸಿದ್ದಳಂತೆ. ಆಮೇಲೆ ಅದು ಅವಳ ಕೈಗೇ ಉಳಿಯಿತು. ಆಗ ಪರದೆಯ ಮೇಲೆ ಬರುತ್ತಿದ್ದ ಸಂದೇಶಗಳೆಲ್ಲ ಇಂಗ್ಲಿಷಿನವು. ಆಕೆ ಕನ್ನಡದಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಇಂಗ್ಲಿಷನ್ನು ಓದುತ್ತಿರಲಿಲ್ಲ, ಆಕಾರ ನೋಡಿ ಗುರುತು ಹಿಡಿಯುತ್ತಿದ್ದಳು. ಮೂರು ಸಾಲಿನದು ಬಂದರೆ ಮೋಟಾರು, ಒಂದೇ ಸಾಲಿನದು ಬಂದರೆ ಮುಚ್ಚಳ ಎಂದು.

ಸಂದೇಶಗಳನ್ನು ಕನ್ನಡಕ್ಕೆ ತಿರುಗಿಸಬೇಕು, ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ದೊಡ್ಡ ಬೋರ್ಡು ಹಾಕಬೇಕು ಎಂದು ಮಾಲೀಕರು ನನ್ನನ್ನು ಕರೆಸಿದರು. ನನಗೂ ಹೆಮ್ಮೆ. ನಮ್ಮ ಕಡೆ ಅದನ್ನು ಮಾಡಿದವರು ಆಗ ಯಾರೂ ಇರಲಿಲ್ಲ. ಒಂದು ತೊಡಕಿತ್ತು. ಆ ಬೋರ್ಡಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಸಂದೇಶವನ್ನೂ ನಾನು ಕಂಪ್ಯೂಟರಿನಲ್ಲಿ ಚಿತ್ರದ ಹಾಗೆ ಬರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಬೋರ್ಡಿನೊಳಗೆ ತುಂಬಬೇಕಾಯಿತು. ಒಟ್ಟು ಅರವತ್ತನಾಲ್ಕು. ಇದನ್ನು ನೆನಪಿಟ್ಟುಕೊಳ್ಳಿ. ಚಿತ್ರ ಮಾಡಿ ತುಂಬದೆ ಆ ಬೋರ್ಡು ಒಂದೇ ಒಂದು ಕನ್ನಡ ಅಕ್ಷರವನ್ನೂ ತೋರಿಸಲಾರದು.

ಯಾವ ಮಾತು ಬರೆಯಬೇಕೆಂದು ಕೇಳಲು ಒಂದು ಮಧ್ಯಾಹ್ನ ಮಾಲನಬಿಯ ಜೊತೆ ಕೂತಿದ್ದೆ. ಆಕೆ ಹೇಳಿದ್ದೆಲ್ಲ ಆಡುಮಾತು. ಬೆಲ್ಟ್ ಜಗ್ಗಾಕತ್ತೈತಿ, ಮೋಟಾರ್ ಸುಡಾಕತ್ತೈತಿ, ಹೀಗೆ. ನಾನು ಅದನ್ನು ಬಿಟ್ಟು, ಬೆಲ್ಟಿನ ಮೇಲಿನ ಒತ್ತಡ ಹೆಚ್ಚಾಗಿದೆ, ಮೋಟಾರಿನ ಉಷ್ಣಾಂಶ ಮಿತಿ ಮೀರಿದೆ ಎಂದು ಬರೆದೆ. ಆಕೆ ಅದನ್ನು ಬೆರಳಿಟ್ಟು ನಿಧಾನವಾಗಿ ಓದಿದಳು.

“ಸರ, ಇದನ್ನ ಓದಿ ಮುಗಸೂದ್ರಾಗ ಕೈ ಹೋಗಿರತೈತ್ರಿ,” ಅಂದಳು.

ಮನೆಯ ಮಾತನ್ನೆಲ್ಲ ಬೋರ್ಡಿನ ಮೇಲೆ ಬರೆದರೆ ನೋಡಿದವರು ನಕ್ಕಾರು ಎಂದು ನಾನು ಹೇಳಿದೆ. 

ಕನ್ನಡ ಬಂದಿತು, ಎಲ್ಲರೂ ಮೆಚ್ಚಿದರು. ಆದರೆ ಡ್ರಮ್ಮಿನಲ್ಲಿ ತೊಟ್ಟು ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಹಣ್ಣು ಸ್ವಲ್ಪ ಹಸಿಯಿದ್ದರೆ ತೊಟ್ಟು ಗಂಟುಗಟ್ಟಿ ಡ್ರಮ್ಮು ಬಿಗಿಯುತ್ತಿತ್ತು. ಆಗ ಮೇಲಿನ ಮುಚ್ಚಳ ತೆರೆದು ಕೈಯಿಂದ ಬಿಡಿಸಬೇಕು. ಮುಚ್ಚಳ ತೆರೆದೊಡನೆ ಅಲ್ಲಿದ್ದ ಒಂದು ಸ್ವಿಚ್ಚು ಡ್ರಮ್ಮನ್ನು ನಿಲ್ಲಿಸುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ನಲವತ್ತು ಜನ ಇಪ್ಪತ್ತು ಸಲ ಕೈಕಟ್ಟಿ ಕೂರಬೇಕು. ಅಲ್ಲಿನ ಮ್ಯಾನೇಜರ್ ಶಿವಾನಂದನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ದಿನ ನನ್ನನ್ನು ಕರೆದು, ಯಂತ್ರ ನಿಂತಾಗಲೆಲ್ಲ ನಿಲ್ಲಿಸಿದವರ ಹೆಸರು ಬೋರ್ಡಿನ ಮೇಲೆ ಬರಬೇಕು, ಎಷ್ಟನೆಯ ಸಲ ಎಂಬುದೂ ಬರಬೇಕು ಎಂದ. ಮಂದಿ ಮುಂದೆ ನಾಚಿಕೆಯಾದರೆ ತಾನಾಗಿ ಸರಿಹೋಗುತ್ತಾರೆ ಎಂಬುದು ಅವನ ಲೆಕ್ಕ.

ನಾನು ಮಾಡಿಕೊಟ್ಟೆ. ಒತ್ತಾಯಕ್ಕೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಹೇಳಿದ್ದು ಹೆಸರು ಮತ್ತು ಲೆಕ್ಕ ಮಾತ್ರ. ಅದಕ್ಕೊಂದು ಕೊಂಕು ಸೇರಿಸಿದವನು ನಾನು. ಐದು ಸಲಕ್ಕಿಂತ ಹೆಚ್ಚು ನಿಂತರೆ, “ಮಾಲನಬಿಯವರಿಗೆ ಇಂದು ವಿಶ್ರಾಂತಿ ಬೇಕಾಗಿದೆ” ಎಂದು ಕೆಂಪಕ್ಷರದಲ್ಲಿ ಬರುವಂತೆ ಮಾಡಿದೆ. ಶಿವಾನಂದ ನನ್ನ ಬೆನ್ನು ತಟ್ಟಿದ. ಮೊದಲ ದಿನ ಅದು ಬಂದಾಗ ನಾನು ಅಲ್ಲೇ ಇದ್ದೆ. ಬೆಲ್ಟಿನ ಆಚೀಚೆ ಕೂತ ಹೆಣ್ಣುಮಕ್ಕಳು ಓದಿ ನಕ್ಕರು. ಮಾಲನಬಿಯೂ ಓದಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗಿ ಡ್ರಮ್ಮಿನ ಕಡೆ ಹೋದಳು. ಸಂಜೆಯವರೆಗೆ ಆಕೆ ಬೋರ್ಡಿನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

ಒಂದು ತಿಂಗಳಲ್ಲಿ ಯಂತ್ರ ನಿಲ್ಲುವುದು ಬಹಳ ಕಡಿಮೆಯಾಯಿತು. ಶಿವಾನಂದ ಫೋನು ಮಾಡಿ, ನೋಡ್ರಿ ನಿಮ್ಮ ಬೋರ್ಡಿನ ಕರಾಮತ್ತು ಅಂದ. ಯಾಕೆ ಕಡಿಮೆಯಾಯಿತೆಂದು ನಾನೂ ಕೇಳಲಿಲ್ಲ, ಅವನೂ ನೋಡಲಿಲ್ಲ. ಆಕೆ ಸೀರೆಯ ಅಂಚು ಹರಿದು ಮುಚ್ಚಳದ ಸ್ವಿಚ್ಚನ್ನು ಬಿಗಿಯಾಗಿ ಕಟ್ಟಿಬಿಟ್ಟಿದ್ದಳು. ಮುಚ್ಚಳ ತೆರೆದರೂ ಯಂತ್ರಕ್ಕೆ ಅದು ಗೊತ್ತಾಗುತ್ತಿರಲಿಲ್ಲ. ತಿರುಗುವ ಡ್ರಮ್ಮಿಗೇ ಕೈ ಹಾಕಿ ತೊಟ್ಟು ಎಳೆಯುತ್ತಿದ್ದಳು. ಒಂದು ಮಂಗಳವಾರ ಬೆಳಿಗ್ಗೆ ಆಕೆಯ ಬಲಗೈ ಒಳಗೆ ಹೋಯಿತು. ಹೆಬ್ಬೆರಳೊಂದು ಉಳಿಯಿತು.

ಸುದ್ದಿ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಆಕೆಯ ಕೈ ಅಲ್ಲ. ನನ್ನ ಸಾಫ್ಟ್‌ವೇರಿನ ಮೇಲೆ ಮಾತು ಬರುತ್ತದೆಯೋ ಎಂಬುದು. ಅಂದೇ ಹೋಗಿ ದಾಖಲೆ ತೆಗೆದೆ. ಬೋರ್ಡಿನ ಮೇಲೆ ಬಂದ ಪ್ರತಿ ಸಂದೇಶವೂ ಸಂಖ್ಯೆ, ಹೊತ್ತು ಸಮೇತ ಅಲ್ಲಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಆ ಬೆಳಿಗ್ಗೆ ಒಂದೂ ಸಂದೇಶ ಬಂದಿರಲಿಲ್ಲ. ಎಚ್ಚರಿಕೆಯ ವ್ಯವಸ್ಥೆ ಸರಿಯಾಗಿಯೇ ಇದೆ, ನಡೆಸುವವರು ಸ್ವಿಚ್ಚನ್ನು ಕಟ್ಟಿಹಾಕಿದ್ದರಿಂದ ಹೀಗಾಯಿತು ಎಂದು ಒಂದು ಪುಟದ ವರದಿ ಬರೆದು ಸಹಿ ಮಾಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ವರದಿ ಮುಂದಿಟ್ಟುಕೊಂಡು ಅವರು ಆಕೆಯನ್ನು ಕೆಲಸದಿಂದ ಬಿಡಿಸಿದರು. ಆಕೆಯ ಗಂಡ ಎರಡು ಸಲ ಬಂದು ಗೇಟಿನ ಹೊರಗೆ ನಿಂತು ಹೋದನಂತೆ.

ಆಮೇಲೆ ಆ ಮುಚ್ಚಳಕ್ಕೆ ಬೋಲ್ಟು ಜಡಿದು ತೆರೆಯಲಾಗದಂತೆ ಮಾಡಿದರು. ತೊಟ್ಟು ಸಿಕ್ಕಿಕೊಂಡರೆ ಕೆಳಗಿನ ಬಾಯಿಂದ ಎಳೆದು ಬಿಡಿಸಬೇಕೆಂದಾಯಿತು. ಕೆಳಗಿನ ಬಾಯಿಗೆ ಸ್ವಿಚ್ಚೂ ಇರಲಿಲ್ಲ, ಕೈ ಒಳಗಿದೆಯೋ ಹೊರಗಿದೆಯೋ ಎಂದು ತಿಳಿಯುವ ಯಾವ ಸಾಧನವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಡ್ರಮ್ಮಿಗೆ ಬಬಲೇಶ್ವರದ ಕಸ್ತೂರಿ ಎಂಬ ಹೊಸಬಳನ್ನು ಹಾಕಿದರು. ಇಪ್ಪತ್ತೆರಡು ಇಪ್ಪತ್ತಮೂರರ ಚುರುಕಿನ ಹುಡುಗಿ. ಬೆಲ್ಟಿನ ಕೆಲಸದಲ್ಲಿದ್ದವಳಲ್ಲ, ಹೊರಗಿನಿಂದ ಬಂದವಳು.

ಎರಡು ತಿಂಗಳು ಕಳೆದಿರಬೇಕು. ಶಿವಾನಂದನ ಫೋನು ಬಂತು. ಸಿಟ್ಟಿನಲ್ಲಿದ್ದ. ಯಾರನ್ನು ಕೇಳಿ ಹೊಸ ಸಂದೇಶ ಹಾಕಿದಿರಿ ಎಂದ. ನಾನು ಯಾವುದನ್ನೂ ಹಾಕಿಲ್ಲ ಎಂದೆ. ಹಾಗಾದರೆ ಬಂದು ನೋಡಿರಿ ಎಂದು ಫೋನಿಟ್ಟ.

ಮರುದಿನ ಹೋದೆ. ದಾಖಲೆ ತೆರೆದು ನೋಡಿದರೆ, ಹಿಂದಿನ ನಾಲ್ಕು ದಿನಗಳಲ್ಲಿ ಒಂಬತ್ತು ಕಡೆ ಹೊತ್ತು ಮಾತ್ರ ಇತ್ತು. ಸಂದೇಶದ ಸಂಖ್ಯೆ ಇರಬೇಕಾದ ಜಾಗ ಖಾಲಿ. ಖಾಲಿ ಬರಲು ಸಾಧ್ಯವೇ ಇಲ್ಲ. ಏನೋ ದೋಷ ಎಂದುಕೊಂಡು ಬೋರ್ಡಿನ ಕೆಳಗೆ ಕುರ್ಚಿ ಹಾಕಿ ಕೂತೆ. ಮಧ್ಯಾಹ್ನ ಹನ್ನೆರಡರ ಸುಮಾರು. ತಗಡಿನ ಮಾಡಿನ ಸಂದಿನಿಂದ ಬಿಸಿಲು ಬೋರ್ಡಿನ ಮೇಲೇ ಬೀಳುತ್ತಿತ್ತು. ಕಸ್ತೂರಿ ಮೊಣಕಾಲೂರಿ ಡ್ರಮ್ಮಿನ ಕೆಳಬಾಯಿಂದ ತೊಟ್ಟು ಎಳೆಯುತ್ತಿದ್ದಳು. ಬೋರ್ಡು ಒಮ್ಮೆ ಕಪ್ಪಾಯಿತು. ಆಮೇಲೆ ಕೆಂಪಕ್ಷರದಲ್ಲಿ ಎರಡೇ ಮಾತು ಬಂದವು.

ಕೈ ತಗಿ.

ಕೆಂಪು ಸಂದೇಶ ಬಂದರೆ ಅದೇ ಕ್ಷಣ ಯಂತ್ರ ನಿಲ್ಲಬೇಕೆಂದು ನಾನೇ ಬೋರ್ಡಿನಿಂದ ಒಂದು ತಂತಿ ಎಳೆದಿದ್ದೆ. ಡ್ರಮ್ಮು ಗಕ್ಕನೆ ನಿಂತಿತು. ಕಸ್ತೂರಿ ಕೈ ಹೊರಗೆ ತೆಗೆದಳು. ಬಳೆಯಲ್ಲಿ ತೊಟ್ಟಿನ ಗಂಟೊಂದು ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಿ ಒಗೆದಳು. ಡ್ರಮ್ಮು ಇನ್ನೊಂದು ಸುತ್ತು ತಿರುಗಿದ್ದರೆ ಆ ಗಂಟು ಕೈಯನ್ನು ಒಳಗೆ ಎಳೆಯುತ್ತಿತ್ತು. ನಾನು ಹತ್ತಿರ ಹೋಗಿ ವಿಚಾರಿಸಿದೆ. ಆಕೆ ಹೆದರಿದಂತೆ ಕಾಣಲಿಲ್ಲ.

“ಅದು ಬಂದಾಗೆಲ್ಲ ನನ್ನ ಕೈ ಒಳಗ ಸಿಕ್ಕಿರತೈತ್ರಿ,” ಅಂದಳು. “ಛಲೋ ಮಾಡೀರಿ ಸರ, ಅದನ್ನ ಹಾಕಿದ್ದು.”

ನಾನು ಹಾಕಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಆ ದಿನ ಸಂಜೆಯೊಳಗೆ ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಬೋರ್ಡಿನ ಒಳಗಿನ ಅರವತ್ತನಾಲ್ಕು ಚಿತ್ರಗಳನ್ನೂ, ಆಮೇಲೆ ಸೇರಿಸಿದವನ್ನೂ ಒಂದೊಂದಾಗಿ ತೆಗೆದು ನೋಡಿದೆ. ಆ ಎರಡು ಮಾತು ಎಲ್ಲೂ ಇರಲಿಲ್ಲ. ಹೊರಗಿನ ಸಂಪರ್ಕವನ್ನೆಲ್ಲ ಕಿತ್ತೆ. ಎಲ್ಲವನ್ನೂ ಅಳಿಸಿ ನನ್ನ ಹತ್ತಿರವಿದ್ದ ಹಳೆಯ ಪ್ರತಿಯನ್ನು ಮತ್ತೆ ತುಂಬಿದೆ. ಪಾಸ್‌ವರ್ಡ್ ಬದಲಿಸಿದೆ. ಮರುದಿನ ಹತ್ತು ಗಂಟೆಗೆ ಮತ್ತೆ ಬಂತು. ಬೋರ್ಡಿನ ಮೆಮರಿ ಕಾರ್ಡನ್ನೇ ತೆಗೆದು ಹೊಸದು ಹಾಕಿದೆ. ಮೂರನೆಯ ದಿನ ಬಂದಾಗ ಮಾತು ಬದಲಾಗಿತ್ತು.

ಕೈ ತಗಿ ಕಸ್ತೂರಿ.

ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಯಾಕೆಂದರೆ ಕಸ್ತೂರಿಯ ಹೆಸರನ್ನು ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಆಪರೇಟರುಗಳ ಪಟ್ಟಿಯಲ್ಲಿ ಆ ಜಾಗದಲ್ಲಿ ಇನ್ನೂ ಮಾಲನಬಿಯ ಹೆಸರೇ ಇತ್ತು. ಬದಲಿಸಲು ನನಗೇ ನೆನಪಾಗಿರಲಿಲ್ಲ.

ಇಷ್ಟರಲ್ಲಿ ಬೆಲ್ಟಿನ ಹೆಣ್ಣುಮಕ್ಕಳು ಬೋರ್ಡಿನ ಕಡೆ ಮತ್ತೆ ತಲೆಯೆತ್ತಿ ನೋಡತೊಡಗಿದ್ದರು. ಬೆಳಿಗ್ಗೆ ಒಳಬರುವಾಗ ಒಬ್ಬಿಬ್ಬರು ಅದರ ಕೆಳಗಿನ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವುದನ್ನು ನಾನೇ ಕಂಡೆ. ಶಿವಾನಂದನೂ ಕಂಡ. ಅವನ ಸಿಟ್ಟು ಇನ್ನೂ ಏರಿತು. ಒಂದೇ ದಿನ ಹನ್ನೊಂದು ಸಲ ಯಂತ್ರ ನಿಂತಿದೆ, ಮೊದಲಿನ ಕತೆಯೇ ಮತ್ತೆ ಶುರುವಾಗಿದೆ, ಇದು ಮಾಲನಬಿಯ ಕಡೆಯವರು ಸೇಡಿಗೆ ಮಾಡಿಸಿದ್ದು ಎಂದ. ನನಗೂ ಹಾಗೇ ಅನ್ನಿಸಿತು. ಬೇರೆ ಏನನ್ನಾದರೂ ಅಂದುಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಆಕೆಯ ಮನೆ ಹುಡುಕಿಕೊಂಡು ತಿಕೋಟಾಕ್ಕೆ ಹೋದೆ. ಕೈ ಹೋದ ಮೇಲೆ ಆಕೆಯನ್ನು ನೋಡಲು ಹೋದದ್ದು ಅದೇ ಮೊದಲು. ಹೋದದ್ದು ತಪಾಸಣೆಗೆ, ಕ್ಷೇಮ ಕೇಳಲು ಅಲ್ಲ. ಆಕೆ ಹೊರಸಿನ ಮೇಲೆ ಕೂರಲು ಹೇಳಿ, ಎಡಗೈಯಿಂದ ಚಹಾ ಮಾಡಿದಳು. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಮೊಣಕಾಲ ನಡುವೆ ಹಿಡಿದು ತೆರೆಯುತ್ತಿದ್ದಾಗ ನಾನು ಎದ್ದು ಸಹಾಯ ಮಾಡಬಹುದಿತ್ತು, ಮಾಡಲಿಲ್ಲ. ಹಳೆಯ ಪಾಸ್‌ವರ್ಡನ್ನು ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ತನಗೆ ಅಂಥದೇನೂ ಗೊತ್ತೇ ಇರಲಿಲ್ಲ ಎಂದಳು. ಯಾಕೆ, ಏನಾಯಿತು ಎಂದು ಕೇಳಿದಳು. ಹೇಳಿದೆ. ಬೋರ್ಡಿನ ಮೇಲೆ ಏನು ಬರುತ್ತದೆ ಎಂಬುದನ್ನೂ ಹೇಳಿದೆ.

ಆಕೆ ಚಹಾ ಸೋಸಿ ನನ್ನ ಮುಂದಿಟ್ಟಳು. ಆಮೇಲೆ ಕೇಳಿದಳು.

“ಕಸ್ತೂರಿ ಅಂದ್ರ ಯಾರ್ರಿ?”

ನಿನ್ನ ಜಾಗಕ್ಕೆ ಬಂದವಳು ಎಂದೆ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಚಹಾ ಕುಡಿದು ಎದ್ದೆ. ಬಾಗಿಲವರೆಗೆ ಬಂದು ಆಕೆ ಹೇಳಿದಳು.

“ಯಾರರ ಬರೆದಿರಲಿ ಸರ, ಅದನ್ನ ತಗೀಬ್ಯಾಡ್ರಿ. ಇರವಲ್ಲದ್ಯಾಕ.”

ಇದಕ್ಕಿಂತ ಸರಳವಾಗಿ ಯಾರೂ ನನಗೆ ಹೇಳಲಾರರು. ಶಿವಾನಂದನ ಮುಂದೆ ಈ ಮಾತನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಕೆಳಗಿನ ಬಾಯಿಗೆ ಒಂದು ಸೆನ್ಸರ್ ಹಾಕೋಣ, ಕೈ ಹೋದರೆ ಯಂತ್ರ ನಿಲ್ಲುವಂತೆ ಮಾಡೋಣ ಎಂದು ಮಾತ್ರ ಹೇಳಿದೆ. ಮುಂದಿನ ಸುಗ್ಗಿಗೆ ನೋಡೋಣ ಎಂದ. ಸಂದೇಶ ಎಲ್ಲಿಂದ ಬರುತ್ತದೆಂದು ಗೊತ್ತಾಗದಿದ್ದರೆ ಬೋರ್ಡನ್ನೇ ಕಿತ್ತು ಹಾಕಿ, ಅದೂ ಬಾರದಿದ್ದರೆ ಬಲ್ಲವರನ್ನು ಕರೆಸುತ್ತೇನೆ ಎಂದ. ಆ ಕೊನೆಯ ಮಾತು ನನಗೆ ಚುಚ್ಚಿತು. ನನಗೆ ಸರಿಪಡಿಸಲಾಗದ ಒಂದು ವಸ್ತು ಗೋಡೆಯ ಮೇಲೆ ಎಲ್ಲರೆದುರು ಉರಿಯುತ್ತಿದೆ ಎಂಬುದನ್ನೇ ನನಗೆ ಸಹಿಸಲಾಗುತ್ತಿರಲಿಲ್ಲ. ಅದು ಒಂಬತ್ತಕ್ಕೆ ಒಂಬತ್ತು ಸಲವೂ, ಹನ್ನೊಂದಕ್ಕೆ ಹನ್ನೊಂದು ಸಲವೂ ನಿಜವನ್ನೇ ಹೇಳಿತ್ತು ಎಂಬುದನ್ನು ನಾನು ಬಲ್ಲೆ. ಬಲ್ಲವನಾಗಿಯೇ ಏಣಿ ಹತ್ತಿ ಬೋರ್ಡು ಬಿಚ್ಚಿದೆ.

ಊಟದ ಬಿಡುವಿನ ಹೊತ್ತು. ಹೆಣ್ಣುಮಕ್ಕಳು ಬುತ್ತಿ ಬಿಚ್ಚಿಕೊಂಡು ಹೊರಗೆ ಬೇವಿನ ನೆರಳಿಗೆ ಹೋಗಿದ್ದರು. ಕಸ್ತೂರಿ ಕೈ ತೊಳೆಯಲು ಒಳಗೆ ಬಂದವಳು ನಾನು ತಂತಿ ಸುತ್ತುವುದನ್ನು ನೋಡಿ ನಿಂತಳು. ಅದನ್ನು ಒಯ್ಯುತ್ತೀರೇನು ಎಂದು ಕೇಳಿದಳು. ರಿಪೇರಿಗೆ ಎಂದೆ.

“ಮತ್ತ ತಂದು ಹಾಕ್ತೀರಲ್ರಿ?”

“ಹಾಕ್ತೀನಿ,” ಅಂದೆ.

ತಲೆಯಾಡಿಸಿ ಹೋದಳು. ನಾನು ಗೋಡೆಯ ಮೇಲೆ ಬೋರ್ಡಿದ್ದ ಜಾಗದಲ್ಲಿ ಒಂದು ಸಣ್ಣ ನೀಲಿ ದೀಪ ಕೂರಿಸಿ, ಮೋಟಾರು ಕಾದಾಗ ಮಾತ್ರ ಅದು ಹೊತ್ತಿ ಯಂತ್ರ ನಿಲ್ಲುವಂತೆ ಹೊಂದಿಸಿ ಊರಿಗೆ ಬಂದೆ.

ಎಂಟು ದಿನ ಬೋರ್ಡು ನನ್ನ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಅದನ್ನು ಮೇಜಿನ ಮೇಲೆ ಮಲಗಿಸಿ, ಧೂಳು ಒರೆಸಿ, ಮೆಮರಿ ಕಾರ್ಡು ತೆಗೆದಿಟ್ಟು, ದೀಪಗಳು ಉರಿಯುತ್ತವೆಯೋ ನೋಡಲು ಕರೆಂಟು ಕೊಟ್ಟೆ. ಬೇರೆ ಯಾವ ತಂತಿಯೂ ಅದಕ್ಕಿರಲಿಲ್ಲ. ಒಳಗೆ ಒಂದು ಚಿತ್ರವೂ ಇರಲಿಲ್ಲ. ಹೊರಗೆ ಗಲ್ಲಿಯಲ್ಲಿ ಆಟೋಗಳ ಗದ್ದಲ, ಎದುರಿನ ಅಂಗಡಿಯವನು ಮೂಟೆ ಇಳಿಸಿಕೊಳ್ಳುತ್ತಿದ್ದ. ಹನ್ನೊಂದು ಗಂಟೆಗೆ ಹತ್ತು ನಿಮಿಷವಿತ್ತು. ಬೋರ್ಡು ಕೆಂಪಗಾಯಿತು.

ಕೈ ತಗಿ ಕಸ್ತೂರಿ.

ಹಿಂದೆ ಅದು ಬಂದಾಗ ಒಂದು ಗಳಿಗೆ ನಿಂತು ಹೋಗುತ್ತಿತ್ತು. ಈಗ ಹೋಗಲಿಲ್ಲ. ಆರಿ ಮತ್ತೆ ಬಂತು. ಮತ್ತೆ ಆರಿ ಮತ್ತೆ ಬಂತು. ಪ್ರತಿ ಸಲ ಮೊದಲಿಗಿಂತ ಬೇಗ ಬರುತ್ತಿತ್ತು. ನಾನು ಫೋನು ಕೈಗೆತ್ತಿಕೊಂಡೆ. ಶಿವಾನಂದನ ಹೆಸರೂ ತೆಗೆದೆ. ಏನೆಂದು ಹೇಳಬೇಕು? ನನ್ನ ಅಂಗಡಿಯ ಮೇಜಿನ ಮೇಲೆ ಹೀಗೆ ಬರೆದು ಬರುತ್ತಿದೆ, ಯಂತ್ರ ನಿಲ್ಲಿಸಿ ಎಂದು ಹೇಳಬೇಕು. ಅವನು ನಗುತ್ತಾನೆ. ನಾಳೆ ಅದನ್ನು ಹತ್ತು ಕಡೆ ಹೇಳುತ್ತಾನೆ. ಇಷ್ಟನ್ನು ಯೋಚಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಫೋನು ಕೆಳಗಿಟ್ಟೆ. ಆ ಕೆಂಪು ಬೆಳಕು ಮುಖದ ಮೇಲೆ ಬಡಿಯುತ್ತಿತ್ತು. ಅದನ್ನು ನೋಡುತ್ತಿರಲಾರದೆ ಗೋಡೆಯಿಂದ ಪ್ಲಗ್ಗು ಕಿತ್ತೆ.

ಮುಕ್ಕಾಲು ಗಂಟೆಯ ಮೇಲೆ ಫೋನು ಬಂತು. ಮಾತಾಡಿದ್ದು ಶಿವಾನಂದ. ಕಸ್ತೂರಿಯನ್ನು ವಿಜಯಪುರದ ಆಸ್ಪತ್ರೆಗೆ ಕರೆತರುತ್ತಿದ್ದೇವೆ, ದಾಖಲೆ ತೆಗೆದು ಒಂದು ವರದಿ ಬರೆದಿಡಿ ಎಂದ. ಯಾವಾಗ ಆಯಿತು ಎಂದು ಕೇಳಿದೆ. ಹನ್ನೊಂದರ ಆಸುಪಾಸು ಎಂದ. ತೊಟ್ಟಿನ ಗಂಟು ಮೊದಲು ಬಳೆಗೆ ಸಿಕ್ಕಿ, ಮೆಲ್ಲಗೆ ಎಳೆಯಿತಂತೆ. ಕೂಗಿದಳಂತೆ. ಡ್ರಮ್ಮಿನ ಸಪ್ಪಳದಲ್ಲಿ ಬೆಲ್ಟಿನವರಿಗೆ ಕೇಳಿಸಲು ಹೊತ್ತಾಯಿತು, ಕೇಳಿಸಿದ ಮೇಲೂ ಎಲ್ಲಿ ಒತ್ತಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ಕೇಳುತ್ತ ನಿಂತೆ. ಫೋನು ಮಾಡಿದ್ದರೆ ನಿಲ್ಲಿಸುವಷ್ಟು ಹೊತ್ತಿತ್ತು.

ಆ ವರದಿಯನ್ನು ನಾನು ಬರೆಯಲಿಲ್ಲ. ಅದನ್ನೊಂದು ದೊಡ್ಡಸ್ತಿಕೆ ಎಂದು ಹೇಳಿಕೊಳ್ಳುವುದಿಲ್ಲ, ಬೇರೆ ಯಾರೋ ಬರೆದುಕೊಟ್ಟರು. ಬೋರ್ಡಿಗೆ ಅಂದೇ ಸಂಜೆ ಮತ್ತೆ ಕರೆಂಟು ಕೊಟ್ಟೆ. ಏನೂ ಬರಲಿಲ್ಲ. ಬಿಚ್ಚಿ ಒಳಗಿನ ಪ್ರತಿ ಭಾಗವನ್ನೂ ನೋಡಿದೆ. ತಯಾರಿಸಿದವರಿಗೆ ಕಳಿಸಿದೆ. ಮೆಮರಿ ಇಲ್ಲದೆ ಈ ಬೋರ್ಡು ಏನನ್ನೂ ತೋರಿಸಲಾರದು, ನಿಮ್ಮ ಕಣ್ಣು ತಪ್ಪಿರಬೇಕು ಎಂದು ಅವರು ತಿರುಗಿ ಕಳಿಸಿದರು. ನನ್ನ ಕಣ್ಣೇ ತಪ್ಪಿದ್ದರೆ, ಗಡಿಯಾರದ ಹೊತ್ತೂ ತಪ್ಪಿರಬೇಕು, ಆ ನಲವತ್ತು ಹೆಣ್ಣುಮಕ್ಕಳ ಕಣ್ಣೂ ತಪ್ಪಿರಬೇಕು, ದಾಖಲೆಯಲ್ಲಿದ್ದ ಆ ಖಾಲಿ ಜಾಗಗಳೂ ತಪ್ಪಿರಬೇಕು. ಯಾರೋ ಜಾಣರು ನನಗೆ ತಿಳಿಯದ ದಾರಿಯಿಂದ ಮಾಡಿರಬಹುದು ಎಂದೂ ಯೋಚಿಸಿದ್ದೇನೆ. ಅಂಥ ಜಾಣರಿಗೆ ಕಸ್ತೂರಿಯ ಕೈ ಒಳಗೆ ಸಿಕ್ಕಿರುವ ಕ್ಷಣ ಹೇಗೆ ತಿಳಿಯಬೇಕು ಎಂಬಲ್ಲಿಗೆ ಆ ಯೋಚನೆ ನಿಲ್ಲುತ್ತದೆ. ಮಾಲನಬಿಯ ಸಂಕಟವೇ ಅಲ್ಲಿ ಉಳಿದಿತ್ತು ಎನ್ನುವವರೂ ಇದ್ದಾರೆ. ಆದರೆ ಆಕೆ ಬದುಕಿದ್ದಳು, ತಿಕೋಟಾದ ತನ್ನ ಮನೆಯಲ್ಲಿ ಎಡಗೈಯಿಂದ ರೊಟ್ಟಿ ಬಡಿಯಲು ಕಲಿಯುತ್ತಿದ್ದಳು. ಬದುಕಿದವರ ಸಂಕಟ ಹೀಗೆ ಅಲೆಯುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಕಸ್ತೂರಿಯ ತಾಯಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ, ಕಂಪನಿಯ ಕಡೆಯವರೆಂದು ತಿಳಿದು ಎದ್ದು ನಿಂತಳು. ಕಸ್ತೂರಿಯ ಬಲತೋಳು ಮೊಣಕೈಗೇ ಮುಗಿದಿತ್ತು, ಅಲ್ಲಿಗೆ ಬಟ್ಟೆ ಸುತ್ತಿದ್ದರು. ನನ್ನನ್ನು ಗುರುತು ಹಿಡಿದಳು. ಆಕೆಯೇ ಮೊದಲು ಕೇಳಿದಳು.

“ಸರ, ಆ ಬೋರ್ಡ್ ಇದ್ದಿದ್ರ, ಅವತ್ತ ಬರತಿತ್ತೇನ್ರಿ ಅದು?”

ನಾನು ತಾಯಿಯ ಕಡೆ ನೋಡಿದೆ. ಆಮೇಲೆ ಗೋಡೆಯ ಕಡೆ ನೋಡಿದೆ.

“ಇಲ್ಲವ್ವಾ,” ಅಂದೆ. “ಅದು ಕೆಟ್ಟಿತ್ತು. ಬರತಿದ್ದಿಲ್ಲ.”

ಆಕೆ ಕಣ್ಣು ಮುಚ್ಚಿಕೊಂಡಳು. ಅದನ್ನೇ ಯೋಚಿಸುತ್ತಿದ್ದಳೆಂದು ತೋರಿತು. ತಾಯಿಗೆ ಹೇಳುವಂತೆ ಮೆಲ್ಲಗೆ ಅಂದಳು.

“ಹಂಗಾರ ತಪ್ಪು ನಂದ ಬೇ.”

ನಾನು ಹೊರಗೆ ಬಂದೆ. ಆ ಮಾತನ್ನು ತಿದ್ದಲು ಅಂದು ಆಗಲಿಲ್ಲ, ಆಮೇಲೂ ಹೋಗಲಿಲ್ಲ. ಆ ಸಂದೇಶವನ್ನು ಬರೆದವರು ಯಾರು ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ. ಅದಕ್ಕಿಂತ ಹೆಚ್ಚು ತಿಳಿಯದಿರುವುದು ಕೊನೆಯ ಸಲದ್ದು. ಅಂದು ಬೋರ್ಡು ಇದ್ದದ್ದು ಗಾಂಧಿ ಚೌಕದ ಹಿಂದಿನ ನನ್ನ ಕೋಣೆಯಲ್ಲಿ. ಅದನ್ನು ಕಸ್ತೂರಿ ಓದಲು ಸಾಧ್ಯವಿರಲಿಲ್ಲ. ಆ ಕೋಣೆಯಲ್ಲಿ ಇದ್ದವನು ನಾನೊಬ್ಬನೇ.